ಎರಡು ತುಂಡಿನ ದೋಣಿ, ಹಾಲಾಡಿ ಕಡೆಯ ಮನೆ: ಕೊನೆಗೂ ಸೋರಲಿಲ್ಲ

ಮೊನ್ನೆ ಭಾನುವಾರ ಎರಡು ಗಂಟೆ ಹೊಳೆಯಲ್ಲಿದ್ದು ದಡಕ್ಕೆ ಬಂದೆವು. ದೋಣಿಯ ಹಿಂದಿನ ತುಂಡಿನ ಮೂಲೆಗೆ ಒಣ ಬೈರಾಸು (ಟವೆಲ್) ತುರುಕಿ ಗಟ್ಟಿಯಾಗಿ ಒತ್ತಿ ತೆಗೆದೆ. ಹಿಂಡಿದೆ. ಏನೂ ಬರಲಿಲ್ಲ. ಮುಂದಿನ ತುಂಡಿನಲ್ಲೂ ಅಷ್ಟೇ. ಐದು ತಿಂಗಳಿಂದ ಪ್ರತಿ ಸಲ ಇದೇ ಬೈರಾಸಿನಿಂದ ಅರ್ಧ ಚೊಂಬು ಉಪ್ಪುನೀರು ಹಿಂಡುತ್ತಿದ್ದ ಕೈ ಇದು. ನನ್ನವಳು ದಡದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದವಳು, "ಹಾಗಾದ್ರೆ ಅಡ್ವಾನ್ಸ್ ಕೊಟ್ಟುಬಿಡುವನಾ?" ಎಂದಳು. ದೋಣಿ ಸೋರದಿದ್ದರೆ ನಾವು ನೋಡಿಟ್ಟ ಹಾಲಾಡಿ ಕಡೆಯ ಮನೆಗೆ ಅಡ್ವಾನ್ಸ್. ನಮ್ಮ ಲೆಕ್ಕ ಅಲ್ಲಿಗೇ ಬಂದು ನಿಂತಿತ್ತು.

ಹೊಸಬರಿಗೆ ಎರಡು ಮಾತು. ದೋಣಿ 12 ಅಡಿಯದು. ತಳಕ್ಕೆ 6 ಮಿ.ಮೀ., ಬದಿಗೆ 4 ಮಿ.ಮೀ. ಪ್ಲೈವುಡ್, ತಂತಿಯಲ್ಲಿ ಹೊಲಿದು ಎಪಾಕ್ಸಿ ಅಂಟಿನಲ್ಲಿ ಕೂರಿಸಿದ್ದು. ನಡುವೆ ಜೋಡಿ ಅಡ್ಡಗೋಡೆ ಇಟ್ಟು, ಎಲ್ಲ ಮುಗಿದ ಮೇಲೆ ಆ ಎರಡು ಗೋಡೆಗಳ ಸಂದಿಯಲ್ಲಿ ಗರಗಸ ಹಾಕಿ ಪೂರ್ತಿ ಎರಡಾಗಿ ಕೊಯ್ದದ್ದು. ಮುಂದಿನ ತುಂಡು ಹಿಂದಿನದರೊಳಗೆ, ಪಾತ್ರೆಯೊಳಗೆ ಪಾತ್ರೆ ಇಟ್ಟಂತೆ ಕೂರುತ್ತದೆ. ಆಗ ಉದ್ದ ಆರೇ ಅಡಿ. ತೂಕ ಒಟ್ಟು 42 ಕೆಜಿ. ನಮ್ಮ ಕಾರಿನ ಪುಸ್ತಕದಲ್ಲಿ ಮಾಡಿನ ಮೇಲಿನ ಹೊರೆ 50 ಕೆಜಿ ಮೀರಬಾರದು ಎಂದಿದೆ, ಅದರಲ್ಲಿ ಕ್ಯಾರಿಯರ್ ತೂಕವೂ ಸೇರಿತು. ಹಾಗಾಗಿ ಒಂದೊಂದು ಕಿಲೋಗೂ ನಾನು ಜಗಳ ಆಡಿದ್ದೇನೆ.

ಎರಡು ತುಂಡು ಯಾಕೆ ಎಂಬುದಕ್ಕೆ ಮನೆಯ ಕತೆ ಹೇಳಬೇಕು. ನಾವು ಇರುವುದು ಕುಂದಾಪುರದಲ್ಲಿ, ಕಡಲ ಸದ್ದು ಕೇಳುವಷ್ಟು ಹತ್ತಿರದ ಬಾಡಿಗೆ ಮನೆಯಲ್ಲಿ. ದೋಣಿಯವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದೂ ಹೊಳೆ ಒಂದೇ ಅಳಿವೆಗೆ ಬರುತ್ತವೆ. ಕಡಲಿಗೆ ಇಳಿಯದೆಯೇ ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ನಡುವೆ ಇಡೀ ದಿನ ಹುಟ್ಟು ಹಾಕಬಹುದು. ಆದರೆ ಈ ಸುಖಕ್ಕೆ ಮನೆ ಕೊಡುವ ಬೆಲೆಯನ್ನು ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕಿಟಕಿ ಸರಳಿಗೆ ಪ್ರತಿ ವರ್ಷ ತುಕ್ಕು ಕೆರೆದು ಬಣ್ಣ. ಫ್ರಿಜ್ಜಿನ ಹಿಂಬದಿ ಪೈಪು ತೂತು. ಇನ್ವರ್ಟರ್ ಬೋರ್ಡು ಎರಡು ಸಲ. ಏಪ್ರಿಲ್ ಬಂತೆಂದರೆ ಬಾವಿ ನೀರು ಚಾ ಮಾಡಿದರೆ ಗೊತ್ತಾಗುವಷ್ಟು ಉಪ್ಪು, ಮಳೆ ಹಿಡಿಯುವ ತನಕ ಟ್ಯಾಂಕರ್. ದೋಣಿ ಇಡುವ ಶೆಡ್ಡಿಗೆ ತಿಂಗಳಿಗೆ 1,500 ಬೇರೆ. ಶೆಡ್ಡು ತುಂಬಿದ ದಿನ ನೀರಲ್ಲೇ ಬಿಟ್ಟರೆ ಮೂರು ವಾರದಲ್ಲಿ ಅಡಿಗೆ ಚಿಪ್ಪು ಕಚ್ಚಿಕೊಂಡು, ಕೆರೆಯುವಾಗ ಎಪಾಕ್ಸಿಯೂ ಎದ್ದು ಬರುತ್ತದೆ.

ಇಲ್ಲೇ ಸ್ವಂತ ಜಾಗ ಮಾಡೋಣವೆಂದು ವಿಚಾರಿಸಿದ್ದೂ ಆಯಿತು. ಊರ ಹೊರಗೆ ನೀರಿಗೆ ಹತ್ತಿರ ಇದ್ದದ್ದೆಲ್ಲ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆಯೊಳಗೆ. 2019ರ ಅಧಿಸೂಚನೆಯಲ್ಲಿ ಉಬ್ಬರವಿಳಿತ ಇರುವ ಹೊಳೆಬದಿಗೆ 100 ಮೀಟರ್ ಇದ್ದದ್ದನ್ನು 50 ಮೀಟರಿಗೆ ಅಥವಾ ಹೊಳೆಯ ಅಗಲಕ್ಕೆ, ಯಾವುದು ಕಡಿಮೆಯೋ ಅದಕ್ಕೆ ಇಳಿಸಿದ್ದಾರೆ, ನಿಜ. ಆದರೆ ನಮ್ಮಂಥವರಿಗೆ ಬೇಕಾದ್ದು ಆ 50 ಮೀಟರಿನೊಳಗೇ. ಇರುವ ಹಳೆಯ ಮನೆಯನ್ನು ಅದರ ಪಂಚಾಂಗ (ತಳಪಾಯದ ಅಳತೆ) ಮೀರದಂತೆ ರಿಪೇರಿ ಮಾಡಬಹುದು. ಪಕ್ಕದಲ್ಲಿ ಹೊಸದಾಗಿ ದೋಣಿಮನೆ ಎಬ್ಬಿಸುವ ಆಸೆ ಬಿಡಬೇಕು. ಅದಕ್ಕಿಂತ ಹಿಂದೆ ಸರಿದ ಖಾಲಿ 5 ಸೆಂಟ್ಸಿಗೆ ಕೇಳಿದ ಹಣದಲ್ಲಿ ಒಳನಾಡಿನ ಹಾಲಾಡಿ ಕಡೆ 18 ಸೆಂಟ್ಸ್, ಹಂಚಿನ ಮನೆ, ಸಿಹಿನೀರ ಬಾವಿ, ಎಂಟು ತೆಂಗಿನಮರ ಬಂತು. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆ ಅಷ್ಟು ಹಿಡಿಸಿತ್ತು, ನಾವು ಹುಟ್ಟು ಹಾಕುವ ಹೊಳೆ ಮಾತ್ರ ಮುಕ್ಕಾಲು ಗಂಟೆ ದೂರ.

ಹೊಳೆದಂಡೆಯಲ್ಲೇ ಒಳನಾಡಿನ ಮನೆ ಹುಡುಕಿದರೆ ಎರಡೂ ಆಯಿತಲ್ಲ ಎಂದು ನೀವು ಕೇಳಬಹುದು. ನಾವೂ ಹಾಗೇ ಹೊರಟವರು. ಒಂದು ಮನೆ ಸಿಕ್ಕಿತ್ತು, ಜಗಲಿಯಿಂದ ಇಪ್ಪತ್ತು ಹೆಜ್ಜೆಗೆ ನೀರು. ದೋಣಿಯನ್ನು ಅಲ್ಲೇ ಕಟ್ಟಿ ಅಳಿವೆ ತನಕ ತೇಲಿಕೊಂಡು ಬರುವ ಯೋಚನೆ. ನಡುವೆ ಕಿಂಡಿ ಅಣೆಕಟ್ಟು ಇತ್ತು. ಮಳೆ ಮುಗಿದು ಹೊಳೆ ಇಳಿದ ಮೇಲೆ ಹಲಗೆ ಹಾಕುತ್ತಾರೆ, ಮೇಲೆ ಸಿಹಿನೀರು ನಿಲ್ಲುತ್ತದೆ, ಕೆಳಗಿನ ಉಪ್ಪುನೀರು ಹತ್ತುವುದಿಲ್ಲ. ತೋಟದವರಿಗೆ ಅದೇ ಜೀವ, ಅದರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಆದರೆ ಹುಟ್ಟು ಹಾಕಲು ಹಿತವಾದ ತಿಂಗಳುಗಳಲ್ಲೆಲ್ಲ ದಾರಿ ಬಂದ್. ಹಲಗೆ ತೆಗೆದಾಗ ಮಳೆಗಾಲ, ಆ ಕೆಂಪು ನೀರಿಗೆ ಈ ದೋಣಿ ಇಳಿಸುವ ಮಾತೇ ಇಲ್ಲ. ಒಂದು ಸಲ ಪರಿಚಯದವರ ತೋಟದೊಳಗಿಂದ ದೋಣಿ ಹೊತ್ತು ಅಣೆಕಟ್ಟು ದಾಟಿಸಿ ನೋಡಿದೆವು. ಅಡಿಕೆ ಮರಗಳ ನಡುವೆ 12 ಅಡಿಯ ದೋಣಿ ತಿರುಗಿಸುವುದು, ಮದುವೆ ಚಪ್ಪರದೊಳಗೆ ಏಣಿ ತಿರುಗಿಸಿದ ಹಾಗೆ.

ಟ್ರೇಲರ್ ಬಗ್ಗೆಯೂ ಯೋಚಿಸಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ವಾಹನವೇ, ಅದಕ್ಕೂ ನೋಂದಣಿ ಬೇಕು. 42 ಕೆಜಿಯ ದೋಣಿಗೆ ಅಷ್ಟೆಲ್ಲ ಓಡಾಟ ಬೇಡವೆಂದು ಕೈಬಿಟ್ಟೆ. ಹೀಗೆ ಗರಗಸಕ್ಕೆ ಬಂದೆ.

ಕೊಯ್ದದ್ದು, ಉಜ್ಜಿದ್ದು, ಟೇಪು ಹಾಕಿದ್ದು ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ಪ್ಲೈವುಡ್ ವಿಚಾರ ಮಾತ್ರ ಹೇಳಲೇಬೇಕು. ಐಎಸ್ 710 ಮರೈನ್ (ನೀರಿಗೆ ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನದಂಡ) ಎಂದು ದುಡ್ಡು ತೆಗೆದುಕೊಂಡ ಅಂಗಡಿಯವರು ಕಳಿಸಿದ ಹಾಳೆಗೆ ಸೀಲು ಚಂದವಾಗಿಯೇ ಇತ್ತು. ಆ ಮಾನದಂಡದಲ್ಲಿ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ನಮ್ಮ ಬಚ್ಚಲು ಹಂಡೆಗೆ ಒಂದು ಗೇಣುದ್ದದ ತುಂಡು ಹಾಕಿ ಒಲೆ ಉರಿಸಿದೆ. ಬೆಳಿಗ್ಗೆ ಹಾಕಿದ್ದು, ಸಂಜೆ ಅಮ್ಮ ಸ್ನಾನಕ್ಕೆ ನೀರು ಮೊಗೆಯಲು ಹೋದಾಗ ಪೂರಿಯ ಹಾಗೆ ಉಬ್ಬಿ ಬಾಯಿ ಬಿಟ್ಟುಕೊಂಡು ತೇಲುತ್ತಿತ್ತು. ಅದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ಹಾಳೆ ಬದಲಿಸಿಕೊಟ್ಟರು. ಎರಡನೆಯದು ಮೂರು ದಿನ ಕುದಿದರೂ ಹಾಗೇ ಇತ್ತು. ಮರೈನ್ ಹಾಳೆ ತರುವವರು ದಯವಿಟ್ಟು ಒಂದು ತುಂಡು ಕುದಿಸದೆ ಕೆಲಸ ಶುರು ಮಾಡಬೇಡಿ.

ಈಗ ಸೋರಿಕೆ. ಐದು ತಿಂಗಳು ನುಂಗಿದ್ದು ಇದು.

ಎರಡು ತುಂಡು ಸೇರಿಸಲು ನಾಲ್ಕು ಬೋಲ್ಟು ಇಟ್ಟಿದ್ದೆ. ಮೇಲೆ ಅಂಚಿನ ಹತ್ತಿರ ಎರಡು, ಕೆಳಗೆ ಅಡಿಯಿಂದ 4 ಸೆಂ.ಮೀ. ಎತ್ತರದಲ್ಲಿ ಎರಡು. ನಾವಿಬ್ಬರು ಕೂತರೆ ದೋಣಿ ಸುಮಾರು 8 ಸೆಂ.ಮೀ. ಮುಳುಗುತ್ತದೆ, ಅಂದರೆ ಕೆಳಗಿನ ಎರಡೂ ತೂತು ನೀರಿನಡಿ. ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಮತ್ತೆ ಅದರ ನಡುವೆ ಸಣ್ಣದಾಗಿ ಕೊರೆದೆ. ಪ್ಲೈವುಡ್ಡಿಗೆ ನೀರು ತಾಗುವುದು ನಿಂತಿತು, ಒಳಗೆ ಬರುವುದು ನಿಲ್ಲಲಿಲ್ಲ. ಬೈಕ್ ಟ್ಯೂಬ್ ಕತ್ತರಿಸಿ ವಾಷರ್ ಹಾಕಿದೆ. ಹತ್ತು ನಿಮಿಷ ಚೆನ್ನಾಗಿತ್ತು. ಹಳೆಯ ಕುಕ್ಕರ್ ಗ್ಯಾಸ್ಕೆಟ್ ಉದ್ದುದ್ದ ಸೀಳಿ ಎರಡು ಗೋಡೆಗಳ ನಡುವೆ ಸುತ್ತಲೂ ಅಂಟಿಸಿದೆ. ಅರ್ಧ ಗಂಟೆ. ಹುಟ್ಟು ಜೋರಾಗಿ ಹಾಕಿದ ಕೂಡಲೇ ಮತ್ತೆ ಪಾದಕ್ಕೆ ತಣ್ಣಗೆ.

ಕಾರಣ ತಿಳಿಯಲು ಕಾಗದ ಹಿಡಿದು ಕೂರಬೇಕಾಯಿತು. ನಾವಿಬ್ಬರು ಸೇರಿ 130 ಕೆಜಿ, ಕೂರುವುದು ನಡುವೆ. ನೀರು ಎತ್ತುವುದು ಉದ್ದಕ್ಕೂ. ಆಗ ದೋಣಿ ನಡುವೆ ಬಾಗುತ್ತದೆ: ಮೇಲಿನ ಅಂಚು ಒಂದಕ್ಕೊಂದು ಒತ್ತಿಕೊಳ್ಳುತ್ತದೆ, ಅಡಿ ಬಾಯಿ ಬಿಡುತ್ತದೆ. ಭಾರವೆಲ್ಲ ನಟ್ಟನಡುವೆ ಎಂದು ಇಟ್ಟುಕೊಂಡರೆ ಕೆಳಗಿನ ಜೋಡಿ ಬೋಲ್ಟಿನ ಮೇಲೆ ಸುಮಾರು 150 ಕೆಜಿ ಎಳೆತ. ಪ್ರತಿ ಹುಟ್ಟಿಗೂ ಅದು ಏರಿ ಇಳಿಯುತ್ತದೆ. ರಬ್ಬರು ಒಮ್ಮೆ ಒತ್ತುತ್ತದೆ, ಒಮ್ಮೆ ಸಡಿಲುತ್ತದೆ, ಸಡಿಲಿದಾಗೆಲ್ಲ ಒಂದು ಗುಟುಕು ನೀರು. ಪಂಪು ಕೆಲಸ ಮಾಡುವುದು ಹೀಗೇ ಅಲ್ಲವೇ? ತೂತನ್ನು ನೀರಿನ ಮಟ್ಟಕ್ಕಿಂತ ಮೇಲೆ, 12 ಸೆಂ.ಮೀ.ಗೆ ಏರಿಸಿದೆ. ಸೋರುವುದು ನಿಂತಿತು, ಆದರೆ ಎಳೆತ 200 ಕೆಜಿ ಹತ್ತಿರ ಹೋಯಿತು, ಅಡಿಯಲ್ಲಿ ಬೆರಳಿನ ಉಗುರು ಹೋಗುವಷ್ಟು ಸಂದಿ. ಒಂದು ಅಡ್ಡಗೋಡೆಯ ಬುಡದಲ್ಲಿ ಕೂದಲೆಳೆಯ ಬಿರುಕು ಕಂಡಿತು. ಆ ದಿನ ದೋಣಿ ಹೊದೆಸಿಟ್ಟು ಮೂರು ವಾರ ಅತ್ತ ಹೋಗಲಿಲ್ಲ. ಹಾಲಾಡಿ ಮನೆಯವರ ಫೋನ್ ಬಂದರೆ "ಇನ್ನೊಂದು ವಾರ" ಎನ್ನುತ್ತಿದ್ದೆ.

ದಾರಿ ತೋರಿಸಿದವರು ಅದೇ ಹಾಲಾಡಿ ಮನೆಯ ಮಾಡಿನ ಪಕಾಸು (ಮಾಡು ಹೊರುವ ಮರ) ನೋಡಲು ಕರೆದುಕೊಂಡು ಹೋಗಿದ್ದ ಮರಗೆಲಸದ ಆಚಾರ್ರು. ಎಪ್ಪತ್ತು ದಾಟಿದವರು. ಪಕಾಸು ತಟ್ಟಿ ನೋಡಿ, "ಇದ್ ಇನ್ನೂ ಗಟ್ಟಿ ಇತ್ತ್" ಎಂದು ಕೆಳಗಿಳಿದು, ನನ್ನ ಫೋನಿನಲ್ಲಿದ್ದ ದೋಣಿಯ ಚಿತ್ರ ದೂರ ಹಿಡಿದು ನೋಡಿದರು. "ಹ್ವಾಯ್, ನೀರಿಗ್ ಇಳುವ ದೋಣಿಗ್ ತೂತ್ ಎಂತಕ್ ಕೊರುದ್? ಹೊರಗಿಂದ ಕೊಂಡಿ ಹಾಕಿ ಮರ್ರೆ." ಅಷ್ಟೇ ಹೇಳಿ ಎಲೆಯಡಿಕೆ ಚೀಲ ತೆಗೆದರು.

ನಾನು ದಾರಿಯುದ್ದಕ್ಕೂ ಕಾರಿನಲ್ಲಿ ಅದನ್ನೇ ತಿರುಗಿಸಿ ನೋಡಿದೆ. ಮೇಲಿನ ಅಂಚು ಹೇಗೂ ಒತ್ತಿಕೊಳ್ಳುತ್ತದೆ, ಅಲ್ಲಿ ಬೋಲ್ಟು ನೆಪಕ್ಕೆ. ಎಳೆತ ಇರುವುದು ಅಡಿಯಲ್ಲಿ. ಎಳೆತ ಹಿಡಿಯಲು ಗೋಡೆ ತೂತು ಮಾಡಲೇಬೇಕೆಂದಿಲ್ಲ, ಕೀಲ್ ಮರ (ತಳದ ನಡುವೆ ಉದ್ದಕ್ಕೂ ಹೋಗುವ ಮರ) ದೋಣಿಯ ಹೊರಗೇ ಇದೆಯಲ್ಲ! ಮುಂದಿನ ತುಂಡಿನ ಕೀಲಿಗೆ 5 ಮಿ.ಮೀ. ಸ್ಟೀಲಿನ ಕೊಕ್ಕೆ, ಹಿಂದಿನದಕ್ಕೆ ಅದು ಕೂರುವ ಅಡ್ಡಸರಳು. ಮುಂದಿನ ತುಂಡನ್ನು ಮೂತಿ ಕೆಳಗೆ ಮಾಡಿ ಕೊಕ್ಕೆ ಸಿಕ್ಕಿಸಿ, ಮೂತಿ ಎತ್ತಿದರೆ ಪೆಟ್ಟಿಗೆ ಮುಚ್ಚಳದ ಹಾಗೆ ಎರಡು ಗೋಡೆ ಮುಚ್ಚಿಕೊಳ್ಳುತ್ತವೆ. ಮೇಲಿನ ಎರಡು ಬೋಲ್ಟು ಕೈಯಲ್ಲೇ ಬಿಗಿ ಮಾಡಿದರೆ ಸಾಕು. ಕೊಕ್ಕೆ ಅಡಿಗಿಂತಲೂ ಕೆಳಗಿರುವುದರಿಂದ ಎಳೆತ 130 ಕೆಜಿಗೆ ಇಳಿಯಿತು. ಎರಡು ಗೋಡೆಯ ನಡುವೆ ನೀರು ನಿಂತರೆ ನಿಲ್ಲಲಿ, ಒಳಗೆ ಬರಲು ನೀರಿನಡಿ ಒಂದೂ ತೂತಿಲ್ಲ. ಹಳೆಯ ತೂತುಗಳಿಗೆಲ್ಲ ಮರದ ಬೆಣೆ, ಎಪಾಕ್ಸಿ.

ಸ್ಟೀಲು ತರುವಾಗ ಇನ್ನೊಂದು ಸಂಕಟ. ಉಪ್ಪುನೀರಿಗೆ ತಡೆಯುವ 316 ದರ್ಜೆಯ ಸ್ಟೀಲು ಎಂದು ಕೊಟ್ಟ ಪಟ್ಟಿ ಉಪ್ಪುನೀರಿಗೆ ಇಳಿದ ತಿಂಗಳಲ್ಲಿ ಚಾ ಕಲೆಯಂತೆ ಕಂದುಬಣ್ಣಕ್ಕೆ ತಿರುಗಿತು. ಅದು ಅದಕ್ಕಿಂತ ಕೆಳಗಿನ 304 ದರ್ಜೆ ಎಂದೇ ನನ್ನ ಖಾತ್ರಿ. ಆಯಸ್ಕಾಂತ ಹಿಡಿದರೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, 316ರಲ್ಲಿ ಮಾಲಿಬ್ಡಿನಮ್ ಇರುತ್ತದೆ ಅಷ್ಟೇ. ಈಗ ಬೇರೆ ಕಡೆಯಿಂದ ಪರೀಕ್ಷೆ ಚೀಟಿ ಸಹಿತ ತರಿಸಿದ್ದೇನೆ. ಮೊದಲಿನವರು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದಾರೆ.

ಮನೆ ಲೆಕ್ಕಕ್ಕೆ ವಾಪಸ್. ಒಳನಾಡು ಅಗ್ಗ ಎಂದು ಕಣ್ಣುಮುಚ್ಚಿ ಹೇಳಲಾರೆ. ವಾರಕ್ಕೊಂದು ಸಲ ಹೋಗಿಬರುವ ಪೆಟ್ರೋಲನ್ನು ಹಿಡಿದರೆ ಈಗಿನ ಶೆಡ್ ಬಾಡಿಗೆ ಅಲ್ಲಿಗೇ ಹೋಯಿತು. ಅಮ್ಮನ ಬಿ.ಪಿ. ಡಾಕ್ಟರು ಕುಂದಾಪುರದಲ್ಲೇ. ಹಂಚಿನ ಮಾಡಿಗೆ ಮಂಗ ಹಾರಿದರೆ ಎಷ್ಟು ಹಂಚು ಹೋಗುತ್ತದೆಂದು ನೆರೆಮನೆಯವರು ಬೆರಳು ಮಡಚಿ ಹೇಳಿದ್ದಾರೆ. ಕೆಲಸ ಮುಗಿಸಿ ಸಂಜೆ ಐದಕ್ಕೆ ಮನಸ್ಸು ಬಂದಾಗ ನೀರಿಗಿಳಿಯುವುದು ಇನ್ನಿಲ್ಲ. ಅದೊಂದು ನನಗೆ ನಿಜವಾಗಿ ನೋಯುತ್ತದೆ. ಆದರೆ ಟ್ಯಾಂಕರ್, ತುಕ್ಕು, ಬಾಡಿಗೆ ಮೂರೂ ನಿಲ್ಲುತ್ತವೆ, ದೋಣಿ ಒಣ ಜಗಲಿಯ ಮಾಡಿಗೆ ಹಗ್ಗದಲ್ಲಿ ತೂಗಾಡುತ್ತದೆ. ಜಾಗದ ಬೆಲೆಯ ಅಂತರವೊಂದೇ ನಮ್ಮ ಹತ್ತು ವರ್ಷದ ಪೆಟ್ರೋಲಿಗಿಂತ ಹೆಚ್ಚು.

ಇನ್ನೊಂದು ವಿಷಯ ನನಗೆ ಸಮಾಧಾನ ಕೊಟ್ಟಿದೆ. ಬಸ್ರೂರು ನೋಡಿ. ಹೆಸರಾಂತ ಬಂದರು, 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಸೂರೆ ಮಾಡುವಷ್ಟು ಸಿರಿವಂತ ಪೇಟೆ, ಇದ್ದದ್ದು ಕಡಲದಂಡೆಯಲ್ಲಲ್ಲ, ವಾರಾಹಿಯ ಒಳಗೆ. ಹಾಲಾಡಿಯ ಹೊಳೆಯೂ ಅದೇ ವಾರಾಹಿ.

ಮುಂದಿನ ಕೆಲಸ ಹಾಯಿ. ನಮ್ಮ ಕರಾವಳಿಯಲ್ಲಿ ಬೇಸಗೆಯ ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ. ಹಿಂದಿನವರು ಹೋಗುವಾಗ ಅದನ್ನು, ಬರುವಾಗ ಇದನ್ನು ಹಿಡಿದವರು. ಬಸ್ರೂರಿನಿಂದ ಬೆಳಿಗ್ಗೆ ಇಳಿದು ಕುದ್ರುಗಳನ್ನು ಸುತ್ತಿ, ಸಂಜೆ ಭರತ (ಉಬ್ಬರ) ಏರುವ ಹೊತ್ತಿಗೆ ಕಡಲಗಾಳಿಯಲ್ಲಿ ಹುಟ್ಟು ಮುಟ್ಟದೆ ವಾಪಸ್ ಬರಬೇಕೆಂದಿದೆ. ಹಾಯಿ 45 ಚದರಡಿ, ಟಾರ್ಪಾಲಿನದೇ. ಕೂವೆಮರಕ್ಕೆ (ಹಾಯಿಕಂಬಕ್ಕೆ) ಬಿದಿರು. ಅದೂ ಎರಡು ತುಂಡು, ನಡುವೆ ಅಲ್ಯೂಮಿನಿಯಂ ಕೊಳವೆ, ಇಲ್ಲದಿದ್ದರೆ ಆರಡಿಯ ದೋಣಿಯೊಳಗೆ ಕೂರಿಸುವುದು ಹೇಗೆ? ಬಿದಿರಿಗೆ ಹೊಂದುವ ಕೊಳವೆ ಯಾರಲ್ಲಾದರೂ ಇದ್ದರೆ ತಿಳಿಸಿ, ಒಳಗಿನ ಅಗಲ 50 ಮಿ.ಮೀ. ಬೇಕು.

ಅಡ್ವಾನ್ಸ್ ಬುಧವಾರ ಕೊಟ್ಟೆವು. ಬರುವ ಭಾನುವಾರ ಭರತ ಬೆಳಿಗ್ಗೆಯೇ ಇದೆ. ಆಚಾರ್ರನ್ನು ಕರೆದಿದ್ದೇನೆ, ಬರುತ್ತೇನೆಂದಿದ್ದಾರೆ. ಮುಂದಿನ ತುಂಡಿನಲ್ಲಿ ಅವರಿಗೆ ಕೂರಲು ಒಂದು ಹಲಗೆ ಉಜ್ಜುತ್ತಿದ್ದೇನೆ.