ಫುಲ್ ಟ್ಯಾಂಕ್ ಆದಾಗ ಮಾತ್ರ ಸತಾಯಿಸುವ ಕಾರು: ಪರ್ಜ್ ವಾಲ್ವ್ ಕೆಲಸದ ಲಾಗ್

ತೊಂದರೆ

ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಕೀ ತಿರುಗಿಸಿದಾಗ ಮಾತ್ರ ಹಟ. ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದರೂ ಗಡಗಡ ನಡುಗುತ್ತದೆ, ಒಳಗೆಲ್ಲ ಪೆಟ್ರೋಲ್ ವಾಸನೆ. ಸ್ವಲ್ಪ ದೂರ ಓಡಿದ ಮೇಲೆ ತಾನಾಗೇ ಸರಿಹೋಗುತ್ತದೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ.

ಗ್ಯಾರೇಜಿನಲ್ಲಿ ಕೇಳಿದರೆ, "ಫ್ಯೂಯಲ್ ಪಂಪ್ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಪಂಪ್ ಕೆಟ್ಟಿದ್ದರೆ ಅರ್ಧ ಟ್ಯಾಂಕ್ ಇದ್ದಾಗಲೂ ಕೈಕೊಡಬೇಕು, ಅಲ್ವಾ?

ಅನುಮಾನ ಎಲ್ಲಿಗೆ ಹೋಯಿತು

ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಸುಮ್ನೆ ಹೊರಗೆ ಬಿಡುವ ಹಾಗಿಲ್ಲ. ಅದು ಒಂದು ಪೈಪಿನಲ್ಲಿ ಕ್ಯಾನಿಸ್ಟರ್‌ಗೆ ಹೋಗುತ್ತದೆ. ಅದರೊಳಗೆ ಇದ್ದಿಲಿನ ಕಾಳು ತುಂಬಿರುತ್ತದೆ, ಆವಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಓಡುವಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕ್ಯಾನಿಸ್ಟರ್‌ಗೂ ಎಂಜಿನ್ನಿಗೂ ನಡುವೆ ಇರುವ ಪರ್ಜ್ ವಾಲ್ವ್ ತೆರೆದು, ಆ ಆವಿಯನ್ನು ಸ್ವಲ್ಪಸ್ವಲ್ಪವೇ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ, ಎಳೆಸಿ ಸುಡುತ್ತದೆ. ಕರೆಂಟ್ ಇಲ್ಲದಾಗ ಈ ವಾಲ್ವ್ ಮುಚ್ಚಿರಬೇಕು.

ಟ್ಯಾಂಕಿಗೆ ಪೆಟ್ರೋಲ್ ಇಳಿದಷ್ಟೂ ಒಳಗಿದ್ದ ಆವಿ ಕ್ಯಾನಿಸ್ಟರ್ ಕಡೆಗೆ ನುಗ್ಗುತ್ತದೆ. ವಾಲ್ವ್ ತೆರೆದೇ ಉಳಿದಿದ್ದರೆ ಅದೆಲ್ಲ ನೇರ ಎಂಜಿನ್ನಿಗೆ. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ತೀರಾ ಜಾಸ್ತಿಯಾದರೆ ಸ್ಟಾರ್ಟ್ ಆಗುವುದಾದರೂ ಹೇಗೆ? ಲಕ್ಷಣ ಪೂರ್ತಿ ಹೊಂದುತ್ತಿತ್ತು.

ಶನಿವಾರ, ಬಂಕಿನಿಂದ ಬಂದ ಕೂಡಲೇ

ಟ್ಯಾಂಕ್ ತುಂಬಿಸಿ ಬಂದು, ಇಸಿಯು ಮಾಹಿತಿ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಹಾಕಿ ಫೋನಿನಲ್ಲಿ ನೋಡಿದೆ. ದೋಷದ ಕೋಡ್ ಒಂದೂ ಇಲ್ಲ. ಆದರೆ ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಆ ಕ್ಷಣಕ್ಕೆ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಮೈನಸ್ 20ರ ಆಸುಪಾಸು. ಅಂದರೆ ಎಲ್ಲಿಂದಲೋ ಹೆಚ್ಚುವರಿ ಪೆಟ್ರೋಲ್ ಬರುತ್ತಿದೆ, ಇಸಿಯು ಇಂಜೆಕ್ಟರ್ ಕಡೆಯಿಂದ ಅಷ್ಟನ್ನು ಕಡಿಮೆ ಮಾಡುತ್ತಿದೆ.

ಕ್ಯಾನಿಸ್ಟರ್‌ನಿಂದ ವಾಲ್ವ್‌ಗೆ ಬರುವ ರಬ್ಬರ್ ಹೋಸ್‌ಗೆ ಬಟ್ಟೆ ಸುತ್ತಿ ಪ್ಲೈಯರ್‌ನಲ್ಲಿ ಒತ್ತಿ ಹಿಡಿದೆ. ನೋಡನೋಡುತ್ತಾ ಟ್ರಿಮ್ ಸೊನ್ನೆಯ ಹತ್ತಿರ ಬಂತು, ನಡುಕ ನಿಂತಿತು. ಬಿಟ್ಟರೆ ಮತ್ತೆ ಮೈನಸ್. ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಪರೀಕ್ಷೆ ಕಾರಿನಲ್ಲಿ ಅಪರೂಪ. ಒಂದು ಪೈಸೆ ಖರ್ಚಿಲ್ಲ.

ಭಾನುವಾರ, ವಾಲ್ವ್ ಬಿಚ್ಚಿದೆ

ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ತೆಗೆದು, ಬಯಲಲ್ಲೇ ಕೆಲಸ ಮಾಡಿದೆ. ಪೆಟ್ರೋಲ್ ಆವಿಯ ಹತ್ತಿರ ಒಂದು ಕಿಡಿಯೂ ಬೇಡ.

ವಾಲ್ವ್ ಬಿಚ್ಚಿ, ಒರೆಸಿ, ಒಂದು ತುಂಡು ಹೊಸ ಹೋಸ್ ಸಿಕ್ಕಿಸಿ ಊದಿದೆ. ಗಾಳಿ ಸಲೀಸಾಗಿ ಆಚೆ ಹೋಯಿತು. ಹೋಗಬಾರದಿತ್ತು. ಮಲ್ಟಿಮೀಟರ್‌ನಲ್ಲಿ, ವಾಲ್ವನ್ನು ಕರೆಂಟಿನಿಂದ ತೆರೆಸುವ ಕಾಯಿಲ್ 26 ಓಮ್ಸ್ ತೋರಿಸಿತು, ಸರಿಯಾಗಿಯೇ ಇದೆ. ಕೋಡ್ ಬರದಿದ್ದಕ್ಕೆ ಇದೂ ಒಂದು ಕಾರಣ. ಈ ಕಾರಿನ ಇಸಿಯು ಕಾಯಿಲ್‌ನ ವೈರಿಂಗ್ ನೋಡುತ್ತದೆ, ವಾಲ್ವ್ ನಿಜಕ್ಕೂ ಮುಚ್ಚಿತಾ ಅಂತ ನೋಡುವುದಿಲ್ಲ.

ಟಾರ್ಚ್ ಬಿಟ್ಟು ಒಳಗೆ ಇಣುಕಿದೆ. ರಬ್ಬರ್ ಸೀಟಿನ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ಕಪ್ಪು ಕಾಳು ಸಿಕ್ಕಿಕೊಂಡಿತ್ತು. ಬಿಳಿ ಕಾಗದದ ಮೇಲೆ ತಟ್ಟಿದೆ. ಅದರ ಜೊತೆ ನುಣ್ಣನೆಯ ಕಪ್ಪು ಪುಡಿಯೂ ಉದುರಿತು. ಇದ್ದಿಲು!

ಇಲ್ಲಿಗೆ ಕೆಲಸ ದೊಡ್ಡದಾಯಿತು. ಇದ್ದಿಲು ವಾಲ್ವ್‌ವರೆಗೆ ಬಂದಿದೆ ಅಂದರೆ ಕ್ಯಾನಿಸ್ಟರ್ ಒಳಗೆ ಒಡೆದಿದೆ. ಬರೀ ವಾಲ್ವ್ ಹಾಕಿದರೆ ಇನ್ನೊಂದು ಕಾಳು ಬಂದು ಅದನ್ನೂ ಹಾಳು ಮಾಡುತ್ತದೆ. ಕ್ಯಾನಿಸ್ಟರ್ ಬಿಚ್ಚಿದರೆ ಕೈಗೆ ಭಾರ, ಅಲ್ಲಾಡಿಸಿದರೆ ಒಳಗೆ ಜರಜರ ಸದ್ದು, ಪೆಟ್ರೋಲಿನ ಘಾಟು.

ಯಾಕೆ ಹೀಗಾಯಿತು ಅನ್ನುವುದಕ್ಕೆ ನನ್ನ ಅನುಮಾನ ರೌಂಡ್ ಫಿಗರ್ ಮೇಲೆ. ನಾಜಲ್ ಟಕ್ ಅಂತ ನಿಂತ ಮೇಲೂ "ಇನ್ನೂರು ಬಾಕಿ ಇದೆ ಸಾರ್, ರೌಂಡ್ ಮಾಡ್ಲಾ?" ಅಂತ ಒತ್ತುತ್ತಾರೆ. ಆಗ ಆವಿ ಹೋಗುವ ದಾರಿಯಲ್ಲಿ ಪೆಟ್ರೋಲೇ ಕ್ಯಾನಿಸ್ಟರ್‌ಗೆ ಸೇರಬಹುದು. ಇದ್ದಿಲು ಇರುವುದು ಆವಿ ಹಿಡಿಯಲು, ನೆನೆಯಲು ಅಲ್ಲ. ಈ ಅಭ್ಯಾಸ ನಮ್ಮಲ್ಲಿ ನಿಲ್ಲಲೇಬೇಕು. ಪ್ರತಿ ಬಂಕಿನಲ್ಲೂ ಇದನ್ನು ಹೇಳಬೇಕಾಗಿ ಬರುವುದು ನನಗೆ ನಿಜಕ್ಕೂ ಬೇಜಾರು.

ಮುಂದಿನ ವಾರ

ಎರಡೂ ಹೊಸದು ತಂದೆ. ವಾಲ್ವ್ ಅಗ್ಗ, ಕ್ಯಾನಿಸ್ಟರ್ ದುಬಾರಿ. ಪೈಪಿನಲ್ಲಿ ಉಳಿದಿದ್ದ ಪುಡಿಯನ್ನು ಎರಡೂ ತುದಿ ಬಿಚ್ಚಿ, ಕಡಿಮೆ ಒತ್ತಡದ ಗಾಳಿಯಲ್ಲಿ ಹೊರಗೆ ಊದಿ ತೆಗೆದೆ. ತುದಿ ಬಿಚ್ಚದೆ ಕಂಪ್ರೆಸರ್ ಹಿಡಿದರೆ ಗಾಳಿ ಟ್ಯಾಂಕಿಗೆ ಹೋಗುತ್ತದೆ, ಅದು ಅಪಾಯ. ಹೊಸ ವಾಲ್ವನ್ನೂ ಹಾಕುವ ಮೊದಲೇ ಊದಿ ನೋಡಿದೆ. ಗಾಳಿ ಹೋಗಲಿಲ್ಲ.

ಆಮೇಲೆ ಫುಲ್ ಟ್ಯಾಂಕ್. ಮೊದಲ ಟಕ್‌ಗೇ ನಿಲ್ಲಿಸಲು ಹೇಳಿ, ಅಲ್ಲೇ ಕೀ ತಿರುಗಿಸಿದೆ. ಒಂದೇ ಸೆಲ್ಫ್! ಟ್ರಿಮ್ ಮೈನಸ್ 2ರಿಂದ ಪ್ಲಸ್ 3ರ ಒಳಗೆ ಆಡುತ್ತಿದೆ. ವಾಸನೆ ಇಲ್ಲ.

ಇನ್ನು ಕ್ಯಾನಿಸ್ಟರ್‌ಗೆ ಹೊರಗಿನ ಗಾಳಿ ಬರುವ ಹೋಸ್‌ನ ಕ್ಲಿಪ್ ತುಕ್ಕು ಹಿಡಿದಿದೆ, ಅದನ್ನು ಬದಲಾಯಿಸಬೇಕು. ಹಳೇ ಕ್ಯಾನಿಸ್ಟರ್‌ನಲ್ಲಿ ಆವಿ ಪೂರ್ತಿ ಹೋದ ಮೇಲೆ ಕೊಯ್ದು ಒಳಗಿನ ಫಿಲ್ಟರ್ ಎಲ್ಲಿ ಹರಿದಿದೆ ನೋಡುತ್ತೇನೆ.