ಚಳಿ ಶುರುವಾದಾಗ ಸರೋವರಕ್ಕೆ ಗಾಳ ಹಿಡಿದು ಹೊರಡುವವರಿಗೆ

ಶರತ್ಕಾಲದಲ್ಲಿ ಹೊರಡುವ ದಿನ ಗೊತ್ತು ಮಾಡುವ ಮೊದಲು, ಸರೋವರದ ನೀರು ಮಗುಚಿದೆಯೇ ಎಂದು ತಿಳಿದುಕೊಳ್ಳಿ. ಆಳವಾದ ಸರೋವರದಲ್ಲಿ ಬೇಸಿಗೆಯಿಡೀ ಬೆಚ್ಚಗಿನ ನೀರು ಮೇಲೆ, ತಣ್ಣೀರು ಕೆಳಗೆ ನಿಂತಿರುತ್ತದೆ. ಚಳಿ ಬಿದ್ದಂತೆ ಮೇಲಿನ ನೀರು ಭಾರವಾಗಿ ಇಳಿಯುತ್ತದೆ, ಜೋರು ಗಾಳಿ ಬೀಸಿದರೆ ತಳದವರೆಗೂ ಕಲಸಿಹೋಗುತ್ತದೆ. ತಳದಲ್ಲಿ ಕೊಳೆತದ್ದೆಲ್ಲ ಮೇಲೇಳುತ್ತದೆ. ನೀರು ಕಂದಾಗಿ, ಕಸ ತೇಲಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ದಿನ ಕಳೆಯಬೇಡಿ. ಮೀನು ಎಲ್ಲೆಂದರಲ್ಲಿ ಚದುರಿರುತ್ತದೆ. ಅಂಥ ದಿನ ಹತ್ತಿರದ ಹೊಳೆಗೆ ಹೋಗಿ, ಹರಿಯುವ ನೀರಿಗೆ ಈ ಕಾಟವಿಲ್ಲ.

ಅಳೆಯುವುದು ಸುಲಭ. ಅಗಲ ಬಾಯಿಯ ಪುಟ್ಟ ಗಾಜಿನ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು, ಸೀಸದ ತೂಕ ಕಟ್ಟಿ, ಮೀಟರಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಡಿ. ಹತ್ತು ನಿಮಿಷ ಬಿಟ್ಟು ಎಳೆಯಿರಿ. ಬರೀ ಥರ್ಮಾಮೀಟರ್ ಇಳಿಸಿದರೆ ಮೇಲೆ ಬರುವಷ್ಟರಲ್ಲಿ ಅಂಕಿ ಬದಲಾಗುತ್ತದೆ. ಬಾಟಲಿಯಲ್ಲಿ ಸುತ್ತಲಿನ ನೀರೂ ಜೊತೆಗೇ ಬರುವುದರಿಂದ ಅಂಕಿ ನಿಲ್ಲುತ್ತದೆ. 1 ಮೀಟರಿನಲ್ಲಿ 17 ಡಿಗ್ರಿ, 10 ಮೀಟರಿನಲ್ಲಿ 9 ಇದ್ದರೆ ಇನ್ನೂ ಮಗುಚಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಆಗಿ ನೀರು ತಿಳಿಯಾಗಿದ್ದರೆ ಆ ಕೆಲಸ ಮುಗಿದಿದೆ, ಧೈರ್ಯವಾಗಿ ಹೋಗಿ.

ಜಾಗ ಹುಡುಕುವಾಗ ಇನ್ನೂ ಹಸಿರಾಗಿರುವ ಜೊಂಡು, ನೀರ್ಗಿಡಗಳ ಅಂಚು ಹಿಡಿಯಿರಿ. ಕಂದಾದ ಗಿಡ ಕೊಳೆಯುತ್ತಾ ಆಮ್ಲಜನಕ ತಿನ್ನುತ್ತದೆ, ಮರಿಮೀನು ಅಲ್ಲಿಂದ ಜಾಗ ಖಾಲಿ ಮಾಡುತ್ತದೆ, ಅದರ ಬೆನ್ನಿಗೆ ಅದನ್ನು ತಿನ್ನುವ ಬಾಸ್, ಪೈಕ್ ಎಂಬ ದೊಡ್ಡ ಮೀನುಗಳೂ. ಬೇಸಿಗೆಯ ಹಾಗೆ ನಸುಕಿಗೇ ಏಳಬೇಕಿಲ್ಲ. ನೀರು 10 ಡಿಗ್ರಿಗಿಂತ ಇಳಿದ ಮೇಲೆ ಮಧ್ಯಾಹ್ನದ ಬಿಸಿಲೇ ಒಳ್ಳೆಯ ಹೊತ್ತು. ಮೀನಿನ ಮೈ ತಣ್ಣಗಾಗಿ ಜೀರ್ಣಶಕ್ತಿ ಕುಗ್ಗಿರುತ್ತದೆ, ವೇಗವಾಗಿ ಓಡುವ ಎರೆಯ ಬೆನ್ನು ಹತ್ತದು. ಗಾಳದ ದಾರ ಸುತ್ತುವ ರೀಲ್ ನಿಧಾನ ಸುತ್ತಿ, ನಡುನಡುವೆ ನಿಲ್ಲಿಸಿ.

ಮಂಜು ಬೀಳುವ ಬೆಳಿಗ್ಗೆ ನೈಲಾನ್ ದಾರ ಬಿರುಸಾಗಿ ಸುರುಳಿಗಟ್ಟುತ್ತದೆ, ಗ್ರೀಸ್ ಗಟ್ಟಿಯಾಗಿ ರೀಲ್ ಬಿಗಿಯುತ್ತದೆ. ಹಳೆ ಗ್ರೀಸ್ ಒರೆಸಿ ತೆಳು ಎಣ್ಣೆ ಹಾಕಿಕೊಂಡೇ ಹೊರಡಿ.

ಲೈಫ್ ಜಾಕೆಟ್ ದೋಣಿಯಲ್ಲಿಟ್ಟರೆ ಸಾಲದು, ಮೈಮೇಲೇ ಇರಬೇಕು. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬಿದ್ದ ಕೂಡಲೇ ಉಸಿರು ಏದುತ್ತದೆ, ನುರಿತ ಈಜುಗಾರರೂ ನೀರು ಕುಡಿಯುತ್ತಾರೆ. ಒಳಗೆ ಹತ್ತಿ ಬಟ್ಟೆ ಬೇಡ, ಉಣ್ಣೆ ಹಾಕಿ. ಬೇಟೆಗೆ ಅವಕಾಶವಿರುವ ಕಡೆ ಅದರ ಋತುವೂ ಸಾಮಾನ್ಯವಾಗಿ ಇದೇ ಆದ್ದರಿಂದ ಕಾಡಂಚಿನ ದಾರಿಯಲ್ಲಿ ಎದ್ದು ಕಾಣುವ ಕಿತ್ತಳೆ ಬಣ್ಣದ ಮೇಲಂಗಿ ತೊಡಿ.

ಹೊಳೆಗೆ ಇಳಿಯುವವರು ಇನ್ನೊಂದು ನೋಡಿಕೊಳ್ಳಿ: ಬ್ರೌನ್ ಟ್ರೌಟ್ ಎಂಬ ಮೀನು ಮೊಟ್ಟೆಯಿಡುವ ಕಾಲವಿದು. ಜಲ್ಲಿಯ ತಳದಲ್ಲಿ ಪಾಚಿಯಿಲ್ಲದೆ ತೊಳೆದಂತೆ ಬೆಳ್ಳಗೆ ಕಾಣುವ ತಗ್ಗಿದ್ದರೆ ಅದು ಗೂಡು. ಅದರ ಮೇಲೆ ಕಾಲಿಡದೆ ದಡದಿಂದ ಸುತ್ತಿಕೊಂಡು ಹೋಗಿ.