ಎಂಜಿಬಿ ಐಡ್ಲಿಂಗ್: 1,100ರಿಂದ 800ಕ್ಕೆ

ಶನಿವಾರ

ನನ್ನ 1971ರ ಎಂಜಿಬಿ ಜಿಟಿ ಕಾರಿನ ಈಗಿನ ಸ್ಥಿತಿ ಇದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವ ಸ್ಪೀಡ್) 1,100 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಿಸುವ ಚೋಕ್ ಪೂರ್ತಿ ಒಳಗಿದೆ, ಅಂದರೆ ಆಫ್. ಎರಡೂ ಕಾರ್ಬೊರೇಟರ್‌ಗಳ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಐಡಲ್ ಸ್ಕ್ರೂ ಬಿಚ್ಚಿ ಹಿಂದಕ್ಕೆ ತಂದಿದ್ದೇನೆ. ಆದರೂ ಇಳಿಯುತ್ತಿಲ್ಲ. ಕೀ ಆಫ್ ಮಾಡಿದರೂ ಒಂದೆರಡು ಸಲ ಗುಡುಗುಡು ಅಂದೇ ನಿಲ್ಲುತ್ತದೆ. ಐಡ್ಲಿಂಗ್ ಜಾಸ್ತಿ ಇದ್ದರೆ ಈ ಎಂಜಿನ್‌ಗಳಿಗೆ ಇದು ಮಾಮೂಲಿ ಕಾಯಿಲೆ.

ಕಾರಿನ ಪರಿಚಯ ಇಲ್ಲದವರಿಗೆ: ಇದು 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಎಂಜಿನ್ 1,798 ಸಿಸಿಯ ಬಿ ಸೀರೀಸ್. ನಮ್ಮ ಅಂಬಾಸಿಡರ್‌ನಲ್ಲಿದ್ದ 1,489 ಸಿಸಿ ಎಂಜಿನ್ ಕೂಡ ಇದೇ ಬಳಗದ್ದು. ಹಳೇ ಅಂಬಾಸಿಡರ್ ಬಾನೆಟ್ ಎತ್ತಿ ನೋಡಿದವರಿಗೆ ಇಲ್ಲಿ ಹೊಸದು ಅಂತ ಹೆಚ್ಚೇನಿಲ್ಲ. ಆದರೆ ಇದಕ್ಕೆ ಕಾರ್ಬೊರೇಟರ್ ಎರಡು. ಎಸ್‌ಯು ಕಂಪನಿಯ ಒಂದೂವರೆ ಇಂಚಿನ ಎಚ್‌ಎಸ್4 ಮಾದರಿ. ತಲೆನೋವು ಶುರುವಾಗುವುದೇ ಅಲ್ಲಿಂದ.

ಐಡ್ಲಿಂಗ್ ಸರಿಯಿಲ್ಲ ಅಂದ ತಕ್ಷಣ ಎಲ್ಲರ ಕೈಯೂ ಸ್ಕ್ರೂಗೇ ಹೋಗುತ್ತದೆ. ನನ್ನ ಪ್ರಕಾರ ಸ್ಕ್ರೂ ಮುಟ್ಟುವುದು ಕಟ್ಟಕಡೆಯ ಕೆಲಸ. ಮೊದಲು ಟ್ಯಾಪೆಟ್ (ವಾಲ್ವ್ ಬಳಿಯ ಸಂದು) ನೋಡಿದೆ, 0.015 ಇಂಚು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ ಕೂಡ ಅಷ್ಟೇ. ಆಮೇಲೆ ವ್ಯಾಕ್ಯೂಮ್ ಪೈಪ್ ತೆಗೆದು ಸ್ಟ್ರೋಬ್ ಲೈಟ್‌ನಲ್ಲಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗ್ ಸಡಿಲ ಆಗಿದ್ದರೆ ಐಡ್ಲಿಂಗ್‌ನಲ್ಲೇ ಟೈಮಿಂಗ್ ಮುಂದಕ್ಕೆ ಸರಿಯುತ್ತದೆ, ಸ್ಪೀಡ್ ತಾನೇ ಏರುತ್ತದೆ. ಇಲ್ಲಿ ಅದೂ ಸರಿಯಿತ್ತು.

ಅಂದರೆ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಎರಡು ಥ್ರಾಟಲ್ (ಗಾಳಿಯ ದಾರಿ ತೆರೆದು ಮುಚ್ಚುವ ಬಿಲ್ಲೆ) ಸ್ಪಿಂಡಲ್‌ಗಳನ್ನು ಜೋಡಿಸುವ ಕ್ಲ್ಯಾಂಪ್ ಸಡಿಲಿಸಿದೆ. ಬ್ರೇಕ್ ಸರ್ವೋ ಪೈಪ್ ಮುಚ್ಚಿ ನೋಡಿದೆ. ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆ) ಗ್ಯಾಸ್ಕೆಟ್ ಮತ್ತು ಸ್ಪಿಂಡಲ್ ತುದಿಗಳಿಗೆ ಕಾರ್ಬ್ ಕ್ಲೀನರ್ ಚೂರು ಚೂರೇ ಸಿಂಪಡಿಸಿದೆ. (ಬಿಸಿ ಎಕ್ಸಾಸ್ಟ್ ಕೆಳಗೇ ಇರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಮಾಡಿ.) ಎಂಜಿನ್ ಸದ್ದು ಬದಲಾಗಲೇ ಇಲ್ಲ, ಅಂದರೆ ಅಲ್ಲೆಲ್ಲೂ ಸೋರಿಕೆ ಇಲ್ಲ.

ಏರ್ ಫಿಲ್ಟರ್ ತೆಗೆದು, ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಕಾರ್ಬೊರೇಟರ್ ಬಾಯಿಗೆ ಹಿಡಿದೆ. ಮುಂದಿನದು ಮೆತ್ತಗೆ ಸುಯ್ ಅನ್ನುತ್ತಿತ್ತು. ಹಿಂದಿನದು ಜೋರಾಗಿ ಬುಸುಗುಡುತ್ತಿತ್ತು. ಥ್ರಾಟಲ್ ಮುಚ್ಚಿದೆ, ಆದರೂ ಅಷ್ಟು ಗಾಳಿ!

ಭಾನುವಾರ

ಹಿಂದಿನ ಕಾರ್ಬೊರೇಟರ್ ಬಿಚ್ಚಿ ಬೆಳಕಿಗೆ ಹಿಡಿದ ಕೂಡಲೇ ಗೊತ್ತಾಯಿತು. ಹೊಗೆ ನಿಯಮಗಳು ಬಂದ ಮೇಲೆ ಕೆಲವು ಎಸ್‌ಯುಗಳ ಥ್ರಾಟಲ್ ಡಿಸ್ಕ್‌ನಲ್ಲೇ ಒಂದು ಪುಟ್ಟ ಸ್ಪ್ರಿಂಗ್ ವಾಲ್ವ್ ಕೂರಿಸಿದರು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಜಾರಿನಲ್ಲಿ ಹೋಗುವಾಗ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಜೋರಾಗುತ್ತದೆ. ಆಗ ಈ ವಾಲ್ವ್ ತೆರೆದು ಸ್ವಲ್ಪ ಪೆಟ್ರೋಲ್-ಗಾಳಿ ಮಿಶ್ರಣ ಬಿಡುತ್ತದೆ, ಸುಡದ ಪೆಟ್ರೋಲ್ ಹೊರಗೆ ಹೋಗುವುದು ತಗ್ಗುತ್ತದೆ. ಯೋಚನೆ ಒಳ್ಳೆಯದೇ. ಆದರೆ ಸ್ಪ್ರಿಂಗ್ ಸೋತ ಮೇಲೆ ಅದು ಸದಾ ತೆರೆದೇ ಇರುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಬೆಸುಗೆ ಹಾಕಿ ಮುಚ್ಚುವವರೂ ಇದ್ದಾರೆ. ನಾನು ವಾಲ್ವ್ ಇಲ್ಲದ ಸಾದಾ ಡಿಸ್ಕ್ ಎರಡಕ್ಕೂ ತರಿಸಿದೆ.

ಮುಂದಿನ ಶನಿವಾರ

ಡಿಸ್ಕ್ ಬಂತು. ಹಾಕುವಾಗ ಅವಸರ ಬೇಡ. ಸ್ಕ್ರೂ ಸಡಿಲವಾಗಿಟ್ಟು, ಥ್ರಾಟಲ್ ಒಂದೆರಡು ಸಲ ಪಟ್ ಅಂತ ಮುಚ್ಚಿದರೆ ಡಿಸ್ಕ್ ತಾನೇ ನಡುವೆ ಕೂರುತ್ತದೆ. ಆಮೇಲೆ ಬಿಗಿ ಮಾಡಬೇಕು. ಆ ಸ್ಕ್ರೂಗಳ ತುದಿ ಸೀಳಿರುತ್ತದೆ. ಅದನ್ನು ಅಗಲಿಸಲೇಬೇಕು. ಸ್ಕ್ರೂ ಬಿಚ್ಚಿಕೊಂಡರೆ ನೇರ ಸಿಲಿಂಡರ್ ಒಳಗೇ ಹೋಗುವುದು, ಅಲ್ವಾ?

ಎಂಜಿನ್ ಬಿಸಿ ಮಾಡಿ ಎರಡೂ ಐಡಲ್ ಸ್ಕ್ರೂ ಸಮನಾಗಿ ಒಳಗೆ ತಂದೆ. ಪೈಪಿನಲ್ಲಿ ಎರಡರ ಸದ್ದೂ ಒಂದೇ ಆಗುವವರೆಗೆ ಚೂರು ಚೂರು. ನಂತರ ಮಿಶ್ರಣ. ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ನಟ್ಟನ್ನು ಒಂದೊಂದು ಮೂಲೆಯಷ್ಟೇ ತಿರುಗಿಸಿ, ಪಿನ್‌ನಿಂದ ಕಾರ್ಬೊರೇಟರ್ ಒಳಗಿನ ಪಿಸ್ಟನ್ ಸುಮಾರು 1 ಮಿ.ಮೀ.ಗಿಂತ ಕಡಿಮೆ ಎತ್ತಿದೆ. ಸ್ಪೀಡ್ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಕುಸಿದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನ ಸ್ಪೀಡಿಗೇ ಬಂದರೆ ಸರಿ. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್) ಆಗಿದೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಸೆಟ್ಟಿಂಗ್‌ನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಅದಕ್ಕೇ ಯಾವ ಪೆಟ್ರೋಲ್ ಹಾಕಿ ಓಡಿಸುತ್ತೀರೋ ಅದರಲ್ಲೇ ಟ್ಯೂನ್ ಮಾಡಿ. ನಾನು ಇ5 (ಶೇ. 5ರವರೆಗೆ ಎಥನಾಲ್) ಹಾಕುತ್ತೇನೆ.

ಮಿಶ್ರಣ ಸರಿಯಾದ ಮೇಲೆ ಸ್ಪೀಡ್ ಮತ್ತೆ ಸ್ವಲ್ಪ ಏರಿತು. ಎರಡೂ ಸ್ಕ್ರೂ ಅಷ್ಟಷ್ಟೇ ಹಿಂದಕ್ಕೆ ತಂದು 800ಕ್ಕೆ ನಿಲ್ಲಿಸಿದೆ. ಅಳತೆ ಕ್ಲಿಪ್ ಹಾಕುವ ಮೀಟರಿನದು. ಡ್ಯಾಶ್‌ಬೋರ್ಡ್‌ನ ಟ್ಯಾಕೋಮೀಟರ್ ಆಗ 950 ತೋರಿಸುತ್ತಿತ್ತು. ಕೆಳಗಿನ ಅಂಕಿಗಳಲ್ಲಿ ಅದನ್ನು ನಾನು ನಂಬುವುದಿಲ್ಲ.

ಆರಂಭದ ಎಂಜಿಬಿಗಳ ಮ್ಯಾನ್ಯುಯಲ್‌ನಲ್ಲಿ ಐಡ್ಲಿಂಗ್ ಸುಮಾರು 500 ಎಂದಿದೆ. ಕೊನೆಯ ವರ್ಷಗಳ ಕಾರುಗಳಿಗೆ ಅದು 800ರ ಆಸುಪಾಸು. 500ರಲ್ಲೂ ಓಡಿಸಿ ನೋಡಿದೆ. ಕೇಳಲು ಚೆಂದ, ಆದರೆ ಆಯಿಲ್ ಪ್ರೆಷರ್ ಮುಳ್ಳು ತೀರಾ ಕೆಳಗೆ ಬಂತು, ಹೆಡ್‌ಲೈಟ್ ಹಾಕಿದರೆ ಎಂಜಿನ್ ನಡುಗಿತು. ಐವತ್ತು ದಾಟಿದ ಎಂಜಿನ್ನಿಗೆ ಸುಮ್ನೆ ಯಾಕೆ ಆ ಹಿಂಸೆ? 800ರಲ್ಲಿ ಲೈಟ್ ಹಾಕಿದರೂ ನಿಲ್ಲುವುದಿಲ್ಲ. ಕೀ ತಿರುಗಿಸಿದರೆ ತಕ್ಷಣ ಆಫ್.

ಚೋಕ್‌ನ ಫಾಸ್ಟ್ ಐಡಲ್ (ತಣ್ಣಗಿನ ಎಂಜಿನ್‌ಗೆ ಬೇಕಾದ ಹೆಚ್ಚಿನ ಐಡ್ಲಿಂಗ್) ಇನ್ನೂ ಬಾಕಿ. ಜೆಟ್ ಕೆಳಗಿಳಿಯುವ ಮುಂಚೆಯೇ 1,000 ಆರ್‌ಪಿಎಂ ಬರುವಂತೆ ಎರಡೂ ಕಡೆಯ ಸ್ಕ್ರೂ ಹೊಂದಿಸಬೇಕು. ಅದು ಮುಂದಿನ ವಾರಾಂತ್ಯಕ್ಕೆ. ಅಷ್ಟರೊಳಗೆ ಕಾರ್ಬೊರೇಟರ್ ಮೇಲಿನ ಡ್ಯಾಶ್‌ಪಾಟ್‌ಗೆ ಎಣ್ಣೆ ತರಬೇಕು.